ಸಹಾಯ ಬೇಕು: ಪಕ್ಕದಲ್ಲೇ ಕೂತಿರುತ್ತೇನೆ, ಮನಸ್ಸು ಮಾತ್ರ ಅಲ್ಲಿರಲ್ಲ

ಎಲ್ಲರಿಗೂ ನಮಸ್ಕಾರ. ವಿಷಯ ಚಿಕ್ಕದು, ಆದರೆ ನಿನ್ನೆಯಿಂದ ತಲೆ ಕೊರೆಯುತ್ತಿದೆ.

ನಿನ್ನೆ ಸಂಜೆ ಮಗಳು ಮೊದಲ ಸಲ ತಾನೇ ಶೂ ಲೇಸ್ ಕಟ್ಟಿಕೊಂಡಳು. ನಾಲಿಗೆ ತುದಿ ಹೊರಗೆ ಹಾಕಿಕೊಂಡು, ಎರಡು ಸಲ ಬಿಚ್ಚಿಹೋದರೂ ಬಿಡದೆ ಮತ್ತೆ ಕಟ್ಟಿ, "ಅಪ್ಪಾ, ನೋಡು!" ಅಂದಳು. ನಾನು "ಹೂಂ" ಅಂದೆ, ಅಷ್ಟೇ. ತಲೆಯೆಲ್ಲ ಮರುದಿನದ ಮೀಟಿಂಗ್‌ನಲ್ಲಿತ್ತು. ಆ ನಾಲಿಗೆ ತುದಿ ನೆನಪಾಗಿದ್ದು ರಾತ್ರಿ ಮಲಗಿದ ಮೇಲೆ.

ಕೃತಜ್ಞತೆಯ ಡೈರಿ, ಅಂದರೆ ಬದುಕಿನಲ್ಲಿ ಯಾವುದಕ್ಕೆಲ್ಲ ಕೃತಜ್ಞ ಅಂತ ಪಟ್ಟಿ ಮಾಡೋದು, ಅದನ್ನೂ ಬರೆದು ನೋಡಿದ್ದೇನೆ. 2003ರಲ್ಲಿ ಪ್ರಕಟವಾದ ಎಮನ್ಸ್ ಮತ್ತು ಮೆಕಲೋ ಎಂಬ ಮನಶ್ಶಾಸ್ತ್ರಜ್ಞರ ಒಂದು ಪ್ರಯೋಗದಲ್ಲಿ ಜನ ವಾರಕ್ಕೊಮ್ಮೆ, ಹೆಚ್ಚೆಂದರೆ ಐದು ವಿಷಯ, ಹೀಗೆ 10 ವಾರ ಬರೆದಿದ್ದರಂತೆ. ನಾನು ಜಾಸ್ತಿ ಜಾಣ ಅಲ್ವಾ, ದಿನಾ ಬರೆಯೋಕೆ ಹೊರಟೆ! ಮೂರನೇ ವಾರಕ್ಕೆ "ಮನೆ, ಆರೋಗ್ಯ, ಕೆಲಸ" ಅಂತ ಅದೇ ಮೂರು ಪದ, ಹಾಜರಿ ಪುಸ್ತಕದ ಥರ. ನಿಲ್ಲಿಸಿಬಿಟ್ಟೆ.

ಈಗ ವಾರಕ್ಕೊಮ್ಮೆ, "ಮನೆ" ಅಂತ ಬರೆಯದೆ ಆ ಲೇಸ್‌ನಂಥ ಒಂದೇ ಒಂದು ಕ್ಷಣ ಬರೆದರೆ ಹೇಗೆ ಅಂತ ಯೋಚಿಸುತ್ತಿದ್ದೇನೆ. ಹಾಗೆ ಮಾಡಿದವರು ಇದ್ದೀರಾ? ಬರೆಯೋದು ಆಮೇಲಿನ ಮಾತು, ಆ ಹೊತ್ತಿನಲ್ಲೇ ಮನಸ್ಸನ್ನು ವಾಪಸ್ ಎಳೆದು ತರೋಕೆ ನೀವು ಏನು ಮಾಡುತ್ತೀರಿ? ಫೋನ್ ಬೇರೆ ಕೋಣೆಯಲ್ಲಿ ಇಟ್ಟಾಗಿದೆ, ಪ್ರಯೋಜನ ಇಲ್ಲ, ಮೀಟಿಂಗ್ ಇರೋದು ತಲೆಯಲ್ಲಿ. ಕಣ್ಣು ಮುಚ್ಚಿ ಧ್ಯಾನ ಮಾಡು ಅಂತ ಮಾತ್ರ ಹೇಳಬೇಡಿ, ನಿದ್ದೆ ಬಂದುಬಿಡುತ್ತದೆ.