‘ರಿಯಲ್ ಏಲ್’ಗೆ ‘ಅಸಲಿ’ ಬೇಡ, ‘ಹದ’ ಆದೀತೇ?

ಗೆಳೆಯರೇ,

ಇಂಗ್ಲೆಂಡಿನ ಸಣ್ಣ ಪಬ್ಬುಗಳ ಬಗ್ಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ‘ರಿಯಲ್ ಏಲ್’ ಅನ್ನುವ ಕಡೆ ಬಂದು ನಿಂತಿದ್ದೇನೆ. ಏಲ್ ಅಂದರೆ ಒಂದು ಬಗೆಯ ಬಿಯರ್. ಮೊದಲು ‘ಅಸಲಿ ಏಲ್’ ಎಂದು ಬರೆದು ಹೊಡೆದುಹಾಕಿದೆ. ಅಸಲಿ ಅಂದ ಕೂಡಲೇ ಉಳಿದದ್ದೆಲ್ಲ ನಕಲಿ, ಕಲಬೆರಕೆ ಅನ್ನಿಸುತ್ತದೆ, ಅಲ್ವಾ? ಈ ಹೆಸರನ್ನು ಬಳಕೆಗೆ ತಂದದ್ದು 1971ರಲ್ಲಿ ಶುರುವಾದ ಕ್ಯಾಮ್ರಾ ಎಂಬ ಅಲ್ಲಿನ ಬಿಯರ್ ಪ್ರಿಯರ ಸಂಘ. ಪೀಪಾಯಿಗೆ ತುಂಬಿದ ಮೇಲೂ ಬಿಯರಿನಲ್ಲಿ ಯೀಸ್ಟ್ ಬದುಕಿರಬೇಕು, ಅಲ್ಲೇ ಇನ್ನೊಮ್ಮೆ ಹುದುಗಬೇಕು, ಹೊರಗಿನ ಗ್ಯಾಸ್ ಒತ್ತಿ ಸುರಿಯಬಾರದು ಅನ್ನುವುದು ಅವರ ಮಾತು. ‘ಪೀಪಾಯಿ ಬಿಯರ್’ ಅಂದರೂ ಸಾಲದು. ಗ್ಯಾಸ್ ಒತ್ತುವ ಕೆಗ್ಗೂ ನಮ್ಮ ಮಾತಿನಲ್ಲಿ ಪೀಪಾಯಿಯೇ.

ಯಾರ್ಕ್‌ಷೈರಿನ ಒಂದು ಪಬ್ಬಿನಲ್ಲಿ ಮಾಲೀಕರು ನೆಲಮಾಳಿಗೆಗೆ ಕರೆದುಕೊಂಡು ಹೋದರು. ಒಳಗೆ 12 ಡಿಗ್ರಿ ತಂಪು. 9 ಗ್ಯಾಲನ್ನಿನ ಪೀಪಾಯಿ, ಅಂದರೆ 72 ಪೈಂಟ್, ಅಡ್ಡ ಮಲಗಿಸಿತ್ತು. ಮೇಲಿನ ತೂತಿಗೆ ಮೆದು ಮರದ ಬೆಣೆ. ಅದರ ಸುತ್ತ ನೊರೆ ಉಕ್ಕುತ್ತಿತ್ತು. ಅವರು ಬಟ್ಟೆಯಲ್ಲಿ ಒರೆಸಿದರು, ಮತ್ತೆ ಉಕ್ಕಿತು. ಹೀಗೆ ಒರೆಸಿದ ಮೇಲೆ ನೊರೆ ನಿಧಾನವಾಗಿ ಬಂದರೆ ಆಗ ಗಟ್ಟಿ ಬೆಣೆ ಹಾಕುತ್ತಾರಂತೆ. ನನ್ನ ಬಾಯಿಂದ ತಾನಾಗಿ ಬಂದದ್ದು ‘ಇನ್ನೂ ಹದ ಬಂದಿಲ್ಲ’ ಅನ್ನುವ ಮಾತು. ಪೀಪಾಯಿಯಲ್ಲಿ ಬಿಯರ್ ಮಾಗಿ ಕುಡಿಯಲು ತಯಾರಾಗುವುದಕ್ಕೆ ಅವರು ಹೇಳುವ ‘ಕಂಡಿಷನ್’ ಇದೇ ಅಲ್ವಾ! ಹೊಲದ ಮಣ್ಣಿಗೆ, ಬೆಲ್ಲದ ಪಾಕಕ್ಕೆ, ದೋಸೆ ಹಿಟ್ಟಿಗೆ ನಾವು ಹೇಳುವ ಹದ. ‘ಪೀಪಾಯಿಹದದ ಏಲ್’ ಅಂದರೆ ಹೇಗೆ? ಬೆಳಿಗ್ಗೆ ಸಿಹಿ, ಸಂಜೆಗೆ ಹುಳಿಯಾಗುವ ಈಚಲ ಹೆಂಡ ಇಳಿಸುತ್ತಿದ್ದವರ ಮನೆಗಳಲ್ಲಿ ಇದಕ್ಕಿಂತ ಒಳ್ಳೆಯ ಮಾತು ಇದ್ದೀತು. ಕೇಳಿದವರಿದ್ದರೆ ದಯವಿಟ್ಟು ಬರೆಯಿರಿ.

ಪೀಪಾಯಿಯ ತಳದಲ್ಲಿ ಕೂರುವ ಯೀಸ್ಟಿನ ಮಡ್ಡಿಗೆ ‘ಗಸಿ’ ಎಂದು ಬರೆದಿದ್ದೆ. ಮಂಗಳೂರಿನ ಗೆಳತಿ ಓದಿ, ಗಸಿ ಅಂದರೆ ನಮಗೆ ಕಾಯಿ ಹಾಕಿದ ಕೋಳಿ ಸಾರು ಅಂದಳು. ಹಾಗಾಗಿ ಕಾಫಿಗೆ ಹೇಳುವ ‘ಗಷ್ಟು’ ಇಟ್ಟುಕೊಂಡೆ. ಮೇಲೆ ನಿಲ್ಲುವ ಬಿಯರಿಗೆ ‘ತಿಳಿ’ ಇದ್ದೇ ಇದೆ.

ಇನ್ನು ‘ಕಮ್ಯುನಿಟಿ ಪಬ್’. ಹಡ್ಸ್‌ವೆಲ್ ಎಂಬ ಹಳ್ಳಿಯ ಜಾರ್ಜ್ ಅಂಡ್ ಡ್ರ್ಯಾಗನ್ 2008ರಲ್ಲಿ ಬಾಗಿಲು ಹಾಕಿತ್ತು. ಊರಿನವರು ಷೇರು ಹಾಕಿ ಕೊಂಡು 2010ರಲ್ಲಿ ಮತ್ತೆ ತೆರೆದರು. ಅಲ್ಲೇ ಒಂದು ಪುಟ್ಟ ಅಂಗಡಿ, ಲೈಬ್ರರಿ ಕೂಡ ಇವೆ. ಕ್ಯಾಮ್ರಾ ಕೊಡುವ 2016ರ ‘ವರ್ಷದ ಪಬ್’ ಪ್ರಶಸ್ತಿ ಬಂದದ್ದು ಅದಕ್ಕೇ. ಇಂಥ ಜಾಗವನ್ನು ‘ಸಮುದಾಯ ಒಡೆತನದ ಪಬ್’ ಅಂದರೆ ಸರ್ಕಾರಿ ಸುತ್ತೋಲೆ ಓದಿದ ಹಾಗಿರುತ್ತದೆ. ನನಗೆ ‘ಊರೊಟ್ಟಿನ ಪಬ್’ ತುಂಬಾ ಹಿಡಿಸಿದೆ. ಒಂದೇ ಅನುಮಾನ. ಊರೊಟ್ಟಿನ ಕೆಲಸ ಅಂದರೆ ಇಡೀ ಊರು ಸೇರಿತು. ಇಲ್ಲಿ ಷೇರು ಹಾಕಿದವರದ್ದು ಮಾತ್ರ ಒಡೆತನ, ಹೊರಗಿನವರೂ ಹಾಕಬಹುದು. ಆಗಲೂ ಊರೊಟ್ಟು ಸಲ್ಲುತ್ತದೆಯೇ? ಧಾರವಾಡ, ಕಲಬುರಗಿ ಕಡೆಯವರು ಇದಕ್ಕೆ ಏನಂತೀರಿ?