ಸೋಲಾರ್‌ಗೆ ಜಮೀನು ಲೀಸ್‌ಗೆ ಕೇಳುತ್ತಿದ್ದಾರೆ. ಪಾವಗಡದ ಕಡೆಯವರು ಯಾರಾದರೂ ಇದ್ದೀರಾ?

ಹಗರಿ ದಂಡೆ

ಎಲ್ಲರಿಗೂ ನಮಸ್ಕಾರ. ನಮ್ಮದು ಚಳ್ಳಕೆರೆ ತಾಲ್ಲೂಕು. ನಾನು ಬೆಂಗಳೂರಲ್ಲಿ ಕೆಲಸಕ್ಕಿದ್ದೇನೆ, ಅಪ್ಪ, ಚಿಕ್ಕಪ್ಪ ಊರಲ್ಲಿದ್ದಾರೆ. ಒಟ್ಟು 11 ಎಕರೆ. ಮಳೆ ಬಂದರೆ ಶೇಂಗಾ, ಇಲ್ಲದಿದ್ದರೆ ಇಲ್ಲ. ಒಂದು ಬೋರ್ ಇದೆ, ಬೇಸಿಗೆಯಲ್ಲಿ ಅದು ಇದ್ದೂ ಇಲ್ಲದ ಹಾಗೆ.

ಈಗ ಒಬ್ಬ ಏಜೆಂಟ್ ಊರೂರು ಸುತ್ತುತ್ತಿದ್ದಾನೆ. ಕಂಪನಿ ಯಾವುದು ಅಂತ ಕೇಳಿದರೆ "ದೊಡ್ಡ ಕಂಪನಿ ಸಾರ್" ಅನ್ನುತ್ತಾನೆ, ಅಷ್ಟೇ. ಎಕರೆಗೆ ವರ್ಷಕ್ಕೆ 30 ಸಾವಿರ, 29 ವರ್ಷ 11 ತಿಂಗಳ ಲೀಸ್. ಎರಡು ವರ್ಷಕ್ಕೊಮ್ಮೆ 5 ಪರ್ಸೆಂಟ್ ಜಾಸ್ತಿ. ಟೋಕನ್ ಅಡ್ವಾನ್ಸ್ ಕೊಡುತ್ತೇವೆ, ಈ ಭಾನುವಾರ ಸಹಿ ಹಾಕಿಬಿಡಿ ಅಂತ ಒತ್ತಾಯ. ಅಗ್ರಿಮೆಂಟ್ ಪೂರ್ತಿ ಇಂಗ್ಲಿಷ್‌ನಲ್ಲಿದೆ.

ಚಿಕ್ಕಪ್ಪ ಆಗಲೇ ಮನಸ್ಸಲ್ಲಿ ಸಹಿ ಹಾಕಿಯಾಗಿದೆ. ಅಪ್ಪನದು ಒಂದೇ ಮಾತು, "ಕುರಿ ಎಲ್ಲಿ ಬಿಡೋದು?" ನಮ್ಮ ಕಡೆ ಅಮೃತಮಹಲ್ ಕಾವಲು, ಅಂದರೆ ದನಕುರಿ ಮೇಯುತ್ತಿದ್ದ ಹುಲ್ಲುಗಾವಲು, ಹೋದದ್ದು ನಿಮಗೆ ಗೊತ್ತಿರಬಹುದು. ಇಸ್ರೋ, ಡಿಆರ್‌ಡಿಒ, ಬಾರ್ಕ್, ಐಐಎಸ್‌ಸಿ ಅಂತ ಸುಮಾರು 10 ಸಾವಿರ ಎಕರೆ ಬೇಲಿಯೊಳಗೆ ಹೋಯಿತು. ಕುರಿ ಇದ್ದವರು ಈಗಲೂ ಅದನ್ನೇ ಹೇಳುತ್ತಾರೆ.

ಪಾವಗಡದಲ್ಲಿ ಇದೆಲ್ಲ ಹತ್ತು ವರ್ಷದ ಹಿಂದೆಯೇ ಆಗಿದೆ ಅಲ್ವಾ? ಅಲ್ಲಿ ಕೊಟ್ಟವರು ಈಗ ಹೇಗಿದ್ದಾರೆ? ಪೇಪರ್‌ನಲ್ಲಿ ಬರುವುದಲ್ಲ, ಊರಿನ ಮಾತು ಬೇಕು.

---

ಸೂರ್ಯಪಾನ

ಇದರಲ್ಲಿ ಯೋಚನೆ ಮಾಡುವುದೇನಿದೆ ಬ್ರೋ? ದೇಶದ ಸೋಲಾರ್ 2025ರ ಜನವರಿಯಲ್ಲೇ 100 ಗಿಗಾವ್ಯಾಟ್ ದಾಟಿತು. ಇನ್ನು ಎಲ್ಲಾ ಇದೇ. ಮಳೆ ಬಂದರೂ ಬರದಿದ್ದರೂ ದುಡ್ಡು. ಶೇಂಗಾದಲ್ಲಿ ಎಕರೆಗೆ 30 ಸಾವಿರ ಉಳಿಸಿದವರನ್ನು ಒಬ್ಬರನ್ನು ತೋರಿಸಿ. ಕೊಟ್ಟುಬಿಡಿ.

---

ನಾಗಲಮಡಿಕೆ ಅಕ್ಕ

ತಮ್ಮಾ, ನಾನು ನಾಗಲಮಡಿಕೆ ಹೋಬಳಿಯವಳು. ತಿರುಮಣಿ, ವಳ್ಳೂರು, ರ್‍ಯಾಪ್ಟೆ ಕಡೆ ಹೋದರೆ ಕಣ್ಣು ಹಾಯುವಷ್ಟೂ ನೀಲಿ ಪ್ಯಾನಲ್. ನಾನು ಜೆರಾಕ್ಸ್ ಅಂಗಡಿ ನಡೆಸುತ್ತೇನೆ, ಅರ್ಜಿ ಬರೆದುಕೊಡುತ್ತೇನೆ. ಸುತ್ತಲಿನ ಊರುಗಳ ಪಹಣಿ, ಪಾಸ್‌ಬುಕ್ ಎಲ್ಲಾ ನನ್ನ ಮೆಷಿನ್ ಮೇಲೆ ಹಾದುಹೋಗಿವೆ. ಹಾಗಾಗಿ ನಾನು ಹೇಳುವುದು ಕಾಗದದ ಕಡೆಯಿಂದ ನೋಡಿದ ಮಾತು.

ಮೊದಲು ಒಳ್ಳೆಯದು ಹೇಳುತ್ತೇನೆ, ಅದೂ ನಿಜವೇ. ಇಲ್ಲಿ ಜಮೀನು ಯಾರೂ ಕಿತ್ತುಕೊಳ್ಳಲಿಲ್ಲ. ಸರ್ಕಾರದ ಕಂಪನಿ ಕೆಎಸ್‌ಪಿಡಿಸಿಎಲ್ 28 ವರ್ಷಕ್ಕೆ ಲೀಸ್‌ಗೆ ತೆಗೆದುಕೊಂಡಿತು. ಐದು ಊರುಗಳ ಸುಮಾರು 13 ಸಾವಿರ ಎಕರೆ, 2,050 ಮೆಗಾವ್ಯಾಟ್. ಎಕರೆಗೆ ವರ್ಷಕ್ಕೆ 21 ಸಾವಿರದಿಂದ ಶುರು, ಎರಡು ವರ್ಷಕ್ಕೊಮ್ಮೆ 5 ಪರ್ಸೆಂಟ್ ಏರಿಕೆ. ಆಗ ಇಲ್ಲಿ ಏನಿತ್ತು ಅಂದುಕೊಂಡಿದ್ದೀರಿ? ಬರದ ಮೇಲೆ ಬರ. ಕಡಲೆಕಾಯಿ ಬಿತ್ತಿದ ಬೀಜವೂ ವಾಪಸ್ ಬರುತ್ತಿರಲಿಲ್ಲ. ಬೋರ್ ಕೊರೆಸಿದರೆ ಫ್ಲೋರೈಡ್ ನೀರು, ಅದೂ ಸಿಕ್ಕರೆ ಪುಣ್ಯ. ಹರೆಯದವರೆಲ್ಲ ಬೆಂಗಳೂರಿಗೆ ಗಂಟು ಕಟ್ಟಿದ್ದರು. ಅಂಥ ಸೀಮೆಯಲ್ಲಿ ಹತ್ತು ಎಕರೆ ಇದ್ದವರಿಗೆ ವರ್ಷಕ್ಕೆ ಎರಡು ಲಕ್ಷ ಖಾತೆಗೆ ಬಂದರೆ ಯಾರು ಬೇಡ ಅನ್ನುತ್ತಾರೆ? ಸಾಲ ತೀರಿಸಿದರು, ಮನೆ ಕಟ್ಟಿದರು, ಮಕ್ಕಳನ್ನು ಓದಿಸಿದರು. ದೊಡ್ಡ ಹಿಡುವಳಿ ಇದ್ದವರನ್ನು ಕೇಳಿದರೆ ಇವತ್ತಿಗೂ "ಒಳ್ಳೆಯದೇ ಆಯಿತು" ಅನ್ನುತ್ತಾರೆ. ಸುಳ್ಳಲ್ಲ.

ಆದರೆ ದುಡ್ಡು ಹೋಗುವುದು ಪಹಣಿಯಲ್ಲಿ ಹೆಸರು ಇದ್ದವರಿಗೆ. ಇಡೀ ಕಥೆ ಇರುವುದು ಇಲ್ಲೇ. ತಾತ ಸತ್ತು ವರ್ಷಗಳಾಗಿರುತ್ತವೆ, ಪಹಣಿಯಲ್ಲಿ ತಾತನ ಹೆಸರೇ. ಪೌತಿ ಖಾತೆ, ಅಂದರೆ ಸತ್ತವರ ಜಮೀನು ವಾರಸುದಾರರ ಹೆಸರಿಗೆ ಬರುವುದು, ಆಗಿಲ್ಲ. ಉಳುವಾಗ ಅಣ್ಣತಮ್ಮಂದಿರು ಬದು ನೋಡಿಕೊಂಡು ಸುಮ್ನೆ ಇದ್ದರು. ಬಾಡಿಗೆ ಬರುತ್ತದೆ ಅಂದ ತಕ್ಷಣ ಮದುವೆಯಾಗಿ ಹೋದ ಹೆಣ್ಣುಮಕ್ಕಳೂ ಬಂದರು. ಬರಬೇಕಾದ್ದೇ, ಅವರ ಹಕ್ಕು. ವಂಶವೃಕ್ಷ ಬರೆಸಲು ಬಂದವರು ನನ್ನ ಅಂಗಡಿಯ ಮುಂದೆಯೇ ಕೂಗಾಡಿಕೊಂಡಿದ್ದಾರೆ. ಬಗರ್ ಹುಕುಂನಲ್ಲಿ, ಅಂದರೆ ಮಂಜೂರಾತಿ ಇಲ್ಲದೆ ಸರ್ಕಾರಿ ಜಮೀನಿನಲ್ಲಿ, ತಲೆಮಾರಿನಿಂದ ಉಳುತ್ತಿದ್ದವರಿಗೆ ಕಾಗದವೇ ಇಲ್ಲ. ಕಾಗದ ಇಲ್ಲ ಅಂದರೆ ಬಾಡಿಗೆಯೂ ಇಲ್ಲ.

ಇನ್ನು ಕೂಲಿಯವರು. ಕಳೆ ತೆಗೆಯುವುದು, ಕಡಲೆಕಾಯಿ ಕೀಳುವುದು, ಬಿಡಿಸುವುದು, ಇದರಲ್ಲೇ ಹೆಂಗಸರಿಗೆ ಒಂದಷ್ಟು ತಿಂಗಳ ಕೂಲಿ ಇತ್ತು. ಹೊಲವೇ ಇಲ್ಲ ಅಂದ ಮೇಲೆ ಕಳೆ ಎಲ್ಲಿ? ಸೋಲಾರ್ ಪಾರ್ಕ್ ಕಟ್ಟುವಾಗ ಕೆಲಸ ಬೇಕಾದಷ್ಟಿತ್ತು. ಕಟ್ಟಿ ಮುಗಿದ ಮೇಲೆ ಉಳಿದದ್ದು ಪ್ಯಾನಲ್ ತೊಳೆಯುವುದು, ಹುಲ್ಲು ಕೊಯ್ಯುವುದು, ಸೆಕ್ಯೂರಿಟಿ. ಅದೂ ಗುತ್ತಿಗೆದಾರ ಕರೆದರೆ. ಐಟಿಐ ಮಾಡಿದ ಹುಡುಗರು ಕೆಲವರು ಒಳಗೆ ಸೇರಿಕೊಂಡರು, ಅವರು ಚೆನ್ನಾಗಿದ್ದಾರೆ. ಕುರಿ ಇದ್ದವರು ಮಾತ್ರ ಬಹಳ ಜನ ಮಾರಿಬಿಟ್ಟರು. ನಿಮ್ಮ ಅಪ್ಪ ಕೇಳಿದ್ದು ಸರಿಯಾದ ಪ್ರಶ್ನೆ. ಮೇವಿಗೆ ಬಯಲು ಬೇಕು, ಬಯಲಿಗೆ ಪಹಣಿಯಲ್ಲಿ ಕಾಲಂ ಇಲ್ಲ.

ಈಗ ಬಾಡಿಗೆಯ ಲೆಕ್ಕ. 21 ಸಾವಿರಕ್ಕೆ ಎರಡು ವರ್ಷಕ್ಕೊಮ್ಮೆ 5 ಪರ್ಸೆಂಟ್ ಸೇರಿಸುತ್ತಾ ಹೋಗಿ. ಹತ್ತು ವರ್ಷಕ್ಕೆ 26,800 ಚಿಲ್ಲರೆ. ಆಗ ಕಾಣಿಸಿದ ಹಾಗೆ ಈಗ ಕಾಣಿಸುವುದಿಲ್ಲ. ನಮ್ಮ ಕಡೆ ಹೆಂಗಸರು ಇದನ್ನು ಬಂಗಾರದಲ್ಲಿ ಲೆಕ್ಕ ಹಾಕುತ್ತಾರೆ. 2016ರಲ್ಲಿ ಒಂದು ಎಕರೆಯ ಬಾಡಿಗೆಗೆ ಹತ್ತಿರಹತ್ತಿರ 7 ಗ್ರಾಂ ಬರುತ್ತಿತ್ತು. ಈಗಿನ ರೇಟಿಗೆ 3 ಗ್ರಾಂ ಕೂಡ ಬರುವುದಿಲ್ಲ. ನಿಮಗೆ ಹೇಳಿರುವುದೂ ಅದೇ ಏರಿಕೆ. 30 ಸಾವಿರ ಅಂದರೆ ಇವತ್ತು ಜೋರಾಗಿದೆ, 20 ವರ್ಷ ಕಳೆದ ಮೇಲೆ 48-49 ಸಾವಿರ. ಅದನ್ನೇ ಪ್ರತಿ ವರ್ಷ 5 ಪರ್ಸೆಂಟ್ ಅಂತ ಬರೆಸಿದರೆ 79 ಸಾವಿರ ದಾಟುತ್ತದೆ. ಮೊದಲ ವರ್ಷದ ರೇಟಿಗೆ ಎರಡು ಸಾವಿರ ಜಾಸ್ತಿ ಕೇಳಿ ಜಗಳ ಆಡುವವರು ಈ ಸಾಲನ್ನು ನೋಡುವುದೇ ಇಲ್ಲ.

ಸೂರ್ಯಪಾನ ಅವರೇ, ನೀವು ಹೇಳಿದ್ದು ತಪ್ಪಲ್ಲ, ದುಡ್ಡು ಬರುತ್ತದೆ. ಆದರೆ ಬೆಳೆ ಇಲ್ಲ ಅಂದರೆ ಬೆಳೆ ಸಾಲ ಇಲ್ಲ, ಬೆಳೆ ವಿಮೆ ಇಲ್ಲ. ಮನೆಗೆ ಜೋಳ, ರಾಗಿ, ಅವರೆ ಎಲ್ಲಾ ಅಂಗಡಿಯಿಂದ. ಹಸುವಿಗೆ ಹೊಟ್ಟು ಕೂಡ ಕೊಂಡು ತರಬೇಕು. ಅದನ್ನೂ ಆ 30 ಸಾವಿರದಲ್ಲಿ ಕಳೆಯಿರಿ.

ನನ್ನನ್ನು ಕೇಳಿದರೆ, ಕೊಡಿ, ಆದರೆ 11 ಎಕರೆಯನ್ನೂ ಕೊಡಬೇಡಿ. ಬೋರ್ ಇರುವ ಎರಡು ಮೂರು ಎಕರೆ ಇಟ್ಟುಕೊಳ್ಳಿ. ಇಲ್ಲಿ ಹಾಗೆ ಇಟ್ಟುಕೊಂಡವರು ಹಾಲು ಹಾಕುತ್ತಿದ್ದಾರೆ, ಕೈಯಲ್ಲಿ ಕೆಲಸ ಇದೆ. ಪೂರ್ತಿ ಕೊಟ್ಟ ಗಂಡಸರಲ್ಲಿ ಕೆಲವರು ಬೆಳಿಗ್ಗೆ ಹತ್ತಕ್ಕೇ ಬಸ್‌ಸ್ಟ್ಯಾಂಡ್ ಕಟ್ಟೆಗೆ ಬರುತ್ತಾರೆ. ಅದರ ಬಗ್ಗೆ ಜಾಸ್ತಿ ಬರೆಯುವುದಿಲ್ಲ.

---

ಇನ್ವರ್ಟರ್ ರೂಮ್

ನಾನು ಕೊಪ್ಪಳದ ಕಡೆ ಒಂದು ಪ್ಲಾಂಟ್‌ನಲ್ಲಿ ಮೇಂಟೆನೆನ್ಸ್ ನೋಡಿಕೊಳ್ಳುತ್ತೇನೆ. ಅಕ್ಕ ಹೇಳಿದ್ದಕ್ಕೆ ನಾಲ್ಕು ಮಾತು ಸೇರಿಸುತ್ತೇನೆ.

ಏಜೆಂಟ್ ಅವಸರ ಮಾಡುವುದಕ್ಕೆ ಕಾರಣ ಇದೆ. ಗ್ರಿಡ್ ಕನೆಕ್ಟಿವಿಟಿಗೆ, ಅಂದರೆ ಪ್ಲಾಂಟ್‌ನ ಕರೆಂಟನ್ನು ವಿದ್ಯುತ್ ಜಾಲಕ್ಕೆ ಸೇರಿಸಲು, ಅರ್ಜಿ ಹಾಕುವಾಗ ಜಮೀನಿನ ಕಾಗದ ತೋರಿಸಬೇಕಾಗುತ್ತದೆ. ಅದಕ್ಕೆ ಇವರು ಮೊದಲು ಜಮೀನು ಒಟ್ಟು ಮಾಡಿ ಇಟ್ಟುಕೊಳ್ಳುತ್ತಾರೆ, ಆಮೇಲೆ ಕಂಪನಿಗೆ ದಾಟಿಸುತ್ತಾರೆ. ಸಬ್‌ಸ್ಟೇಷನ್‌ನಲ್ಲಿ ಜಾಗ ಸಿಗದಿದ್ದರೆ? ನಿಮ್ಮ ಜಮೀನು ಅವರ ಕೈಯಲ್ಲಿ, ಬಾಡಿಗೆ ಶುರುವೇ ಆಗಿಲ್ಲ. "ಬಾಡಿಗೆ ಯಾವ ತಾರೀಖಿನಿಂದ" ಅನ್ನುವುದನ್ನು ಓದಿ. ಕಾಮಗಾರಿ ಶುರುವಾದ ದಿನದಿಂದ ಅಂತ ಇದ್ದರೆ ಒಪ್ಪಬೇಡಿ. ಸಹಿ ಮಾಡಿದ ದಿನದಿಂದ ಇರಬೇಕು, ಇಲ್ಲವೇ ಇಷ್ಟು ತಿಂಗಳಲ್ಲಿ ಶುರು ಮಾಡದಿದ್ದರೆ ಕರಾರು ರದ್ದು ಅಂತ ಇರಬೇಕು.

ಪ್ಯಾನಲ್‌ನಿಂದ ಮಳೆ ಓಡಿಹೋಗುತ್ತದೆ ಅನ್ನುವ ಮಾತು ಎಲ್ಲಾ ಕಡೆ ಕೇಳುತ್ತೇನೆ. ಅದಕ್ಕೆ ಆಧಾರ ಇಲ್ಲ. ಬಿಸಿ ಅನ್ನುವುದರಲ್ಲಿ ಮಾತ್ರ ಸ್ವಲ್ಪ ಹುರುಳಿದೆ. ಅಮೆರಿಕದ ಅರಿಜೋನಾದಲ್ಲಿ ಅಳೆದು 2016ರಲ್ಲಿ ಪ್ರಕಟಿಸಿದ್ದಾರೆ. ಪ್ಲಾಂಟ್ ಒಳಗೆ ರಾತ್ರಿ ಹೊತ್ತು ಪಕ್ಕದ ಬಯಲಿಗಿಂತ 3-4 ಡಿಗ್ರಿ ಜಾಸ್ತಿ ಇತ್ತು. ಹಾಗಾಗಿ ಬೇಲಿ ಮನೆ ಗೋಡೆಗೆ ತಾಗುವ ಹಾಗೆ ಬಿಡಬೇಡಿ.

ಕುರಿ ವಿಷಯ ನನಗೆ ತುಂಬಾ ಇಷ್ಟವಾದದ್ದು, ಅದಕ್ಕೇ ಸ್ವಲ್ಪ ಉದ್ದ ಆಗುತ್ತದೆ. ನಾವು ಮಳೆಗಾಲದಲ್ಲಿ ಹುಲ್ಲು ಕೊಯ್ಯಲು ಗುತ್ತಿಗೆ ಕೊಡುತ್ತೇವೆ. ಹುಲ್ಲು ಬೆಳೆದರೆ ಪ್ಯಾನಲ್ ಮೇಲೆ ನೆರಳು, ನೆರಳು ಬಿದ್ದರೆ ಯೂನಿಟ್ ಕಡಿಮೆ. ಒಣಗಿದರೆ ಬೆಂಕಿಯ ಭಯ ಬೇರೆ. ಟೆಕ್ಸಾಸ್‌ನಲ್ಲಿ, ಆಸ್ಟ್ರೇಲಿಯಾದಲ್ಲಿ ಇದೇ ಕೆಲಸಕ್ಕೆ ಕುರಿ ಬಿಡುತ್ತಾರೆ, ಕುರಿಗಾರರಿಗೆ ದುಡ್ಡು ಕೊಟ್ಟು ಕರೆಯುವ ಪ್ಲಾಂಟ್‌ಗಳೂ ಇವೆ. ಮೇಕೆ ಆಗುವುದಿಲ್ಲ, ಅದು ಪ್ಯಾನಲ್ ಹತ್ತುತ್ತದೆ, ಕೇಬಲ್ ಕಡಿಯುತ್ತದೆ. ಕುರಿ ತಲೆ ತಗ್ಗಿಸಿ ಮೇಯುತ್ತಾ ಹೋಗುತ್ತದೆ. ನಾನು ಇದನ್ನು ನಮ್ಮ ಮ್ಯಾನೇಜರ್‌ಗೆ ಹೇಳಿದೆ. "ಇನ್ಶೂರೆನ್ಸ್‌ನವರು ಒಪ್ಪಲ್ಲ" ಅಂದು ಫೋನ್ ತೆಗೆದುಕೊಂಡು ಹೊರಗೆ ಹೋದರು. ನೀವು ಸಹಿ ಹಾಕುವ ಮೊದಲೇ ಕೇಳಿ. ಆಮೇಲೆ ಕೇಳಿದರೆ ಗೇಟಿನ ಸೆಕ್ಯೂರಿಟಿಯೇ ವಾಪಸ್ ಕಳಿಸುತ್ತಾನೆ.

ಇನ್ನೊಂದು, ಲೀಸ್ ಮುಗಿದ ಮೇಲೆ ಪ್ಯಾನಲ್ ಯಾರು ಎತ್ತುತ್ತಾರೆ? 2022ರ ಇ-ತ್ಯಾಜ್ಯ ನಿಯಮದಲ್ಲಿ ಸೋಲಾರ್ ಪ್ಯಾನಲ್ ಸೇರಿದೆ. 2034-35ರವರೆಗೆ ಬರುವ ತ್ಯಾಜ್ಯವನ್ನು ತಯಾರಕರು ಸಂಗ್ರಹಿಸಿ ಇಟ್ಟುಕೊಳ್ಳಬೇಕು ಅಂತಿದೆ. ನಿಮ್ಮ ಹೊಲದಲ್ಲಿ ನೆಟ್ಟ ಕಾಂಕ್ರೀಟ್ ಕಾಲುಗಳ ಬಗ್ಗೆ ಆ ನಿಯಮ ನೋಡುವುದಿಲ್ಲ. ಅದನ್ನು ಕೀಳಿಸಿ, ನೆಲ ಸಮ ಮಾಡಿಕೊಡಬೇಕು ಅನ್ನುವುದು ಅಗ್ರಿಮೆಂಟ್‌ನಲ್ಲೇ ಬರಬೇಕು. ಅದಕ್ಕೆ ಠೇವಣಿ ಇಡಿಸಿದರೆ ಇನ್ನೂ ಒಳ್ಳೆಯದು.

---

ಮಲೆನಾಡು ಮಳೆ

ಪ್ರಶ್ನೆಗೆ ನೇರ ಸಂಬಂಧ ಇಲ್ಲ, ಆದರೂ ಹೇಳಿಬಿಡುತ್ತೇನೆ. ಹಗಲಿನ ಸೋಲಾರ್ ಕರೆಂಟು ಸಂಜೆ ಏಳಕ್ಕೆ ಇರುವುದಿಲ್ಲ. ಅದನ್ನು ಕೂಡಿಡುವುದಕ್ಕೆ ಅಂತಲೇ ನಮ್ಮ ಶರಾವತಿ ಕಣಿವೆಯಲ್ಲಿ 2,000 ಮೆಗಾವ್ಯಾಟ್‌ನ ಪಂಪ್ಡ್ ಸ್ಟೋರೇಜ್ ತರುತ್ತಿದ್ದಾರೆ. ಹಗಲು ಗೇರುಸೊಪ್ಪೆಯಿಂದ ತಲಕಳಲೆಗೆ ನೀರೆತ್ತುವುದು, ಸಂಜೆ ಬಿಡುವುದು. ಸಿಂಗಳೀಕ ಇರುವ ಅಭಯಾರಣ್ಯ ಅದು. ಬಯಲುಸೀಮೆಯಲ್ಲಿ ಕುರಿ, ನಮ್ಮಲ್ಲಿ ಸಿಂಗಳೀಕ. ಬ್ಯಾಟರಿ ಹಾಕಿ ಅಂದರೆ ದುಬಾರಿ ಅನ್ನುತ್ತಿದ್ದರು, ಈಗ ಅದರ ರೇಟೂ ಇಳಿಯುತ್ತಿದೆ ಅಲ್ವಾ?

---

ಇನ್ವರ್ಟರ್ ರೂಮ್

ಇಳಿಯುತ್ತಿದೆ. ಹೊಸ ಟೆಂಡರ್‌ಗಳಲ್ಲಿ ಸೋಲಾರ್ ಜೊತೆಗೇ ಬ್ಯಾಟರಿ ಕೇಳುವುದು ಮಾಮೂಲಾಗುತ್ತಿದೆ. ಆದರೆ ಶರಾವತಿಗೆ ಬೇರೆ ಥ್ರೆಡ್ ಮಾಡಿ ಸರ್, ನಾನೂ ಬರುತ್ತೇನೆ. ಇಲ್ಲಿ ಹುಡುಗನ 11 ಎಕರೆ ಕಳೆದುಹೋಗುತ್ತದೆ.

---

ಹಗರಿ ದಂಡೆ

ಅಕ್ಕ, ಸರ್, ತುಂಬಾ ಥ್ಯಾಂಕ್ಸ್. ರಾತ್ರಿ ಅಪ್ಪನಿಗೆ ಫೋನ್ ಮಾಡಿ ಎಲ್ಲಾ ಓದಿ ಹೇಳಿದೆ. ಟೆಕ್ಸಾಸ್ ಕುರಿ ಕೇಳಿ ನಕ್ಕರು. "ಆ ಕಂಪನಿಯವನನ್ನೇ ಕರೆದುಕೊಂಡು ಬಾ" ಅಂದರು. ಏಜೆಂಟ್ ಕೊಟ್ಟ ಕಾಗದಗಳ ಫೋಟೋ ತರಿಸಿಕೊಂಡೆ. ಅಗ್ರಿಮೆಂಟ್ ಜೊತೆ ಇನ್ನೊಂದು ಎರಡು ಪುಟದ ಕಾಗದ ಇದೆ, ಮೇಲೆ ಜನರಲ್ ಪವರ್ ಆಫ್ ಅಟಾರ್ನಿ ಅಂತಿದೆ. ಬಾಡಿಗೆ ಶುರುವಾಗುವುದು ಕಾಮಗಾರಿ ಶುರುವಾದ ಮೇಲೆಯೇ, ಸರ್ ಹೇಳಿದ ಹಾಗೆ. ಪಹಣಿಯನ್ನೂ ತೆಗೆದು ನೋಡಿದೆ. ಇನ್ನೂ ತಾತನ ಹೆಸರೇ ಇದೆ.

---

ನಾಗಲಮಡಿಕೆ ಅಕ್ಕ

ಹಾಗಾದರೆ ಭಾನುವಾರದ ಸಹಿ ಬೇಡವೇ ಬೇಡ. ಜಿಪಿಎಗಂತೂ ಯಾರೂ ಹೆಬ್ಬೆಟ್ಟು ಕೂಡ ಒತ್ತಬಾರದು, ಚಿಕ್ಕಪ್ಪನಿಗೆ ಗಟ್ಟಿಯಾಗಿ ಹೇಳಿ. ಅದು ಇದ್ದರೆ ನಿಮ್ಮ ಹೆಸರಲ್ಲಿ ಆ ಏಜೆಂಟೇ ಸಹಿ ಹಾಕುತ್ತಾ ಹೋಗುತ್ತಾನೆ.

ಸೋಮವಾರ ನಾಡಕಚೇರಿಗೆ ಹೋಗಿ ಪೌತಿ ಖಾತೆಗೆ ಅರ್ಜಿ ಹಾಕಿ. ತಾತನ ಮರಣ ಪ್ರಮಾಣಪತ್ರ, ವಂಶವೃಕ್ಷ ಬೇಕು. ವಂಶವೃಕ್ಷದಲ್ಲಿ ಅತ್ತೆಯರು ಇದ್ದರೆ ಅವರ ಹೆಸರು ಬಿಡಬೇಡಿ. ಬಿಟ್ಟರೆ ಆಮೇಲೆ ಕೋರ್ಟಿನಲ್ಲಿ ಸಿಗುತ್ತಾರೆ. ಲೀಸ್ ಮಾಡುವುದೇ ಆದರೆ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ರಿಜಿಸ್ಟರ್ ಆಗಬೇಕು, ನೋಟರಿ ಕಾಗದ ಇಷ್ಟು ವರ್ಷದ ಲೀಸ್‌ಗೆ ನಡೆಯುವುದಿಲ್ಲ. ಕನ್ನಡದಲ್ಲಿ ಒಂದು ಪ್ರತಿ ಕೇಳಿ. ಕೊಡುವುದಿಲ್ಲ ಅಂದರೆ ಚಳ್ಳಕೆರೆಯಲ್ಲಿ ಸಿವಿಲ್ ವಕೀಲರ ಹತ್ತಿರ ಓದಿಸಿ, ಅದಕ್ಕೆ ಕೊಡುವ ಫೀಸು ದಂಡ ಅಲ್ಲ.

ಅಡ್ವಾನ್ಸ್ ಏನಾದರೂ ಚಿಕ್ಕಪ್ಪ ಆಗಲೇ ಇಸ್ಕೊಂಡಿದ್ದಾರಾ? ಅದನ್ನು ಮೊದಲು ಕೇಳಿ ತಿಳಿದುಕೊಳ್ಳಿ.

---

ಹಗರಿ ದಂಡೆ

ಇಸ್ಕೊಂಡಿದ್ದಾರೆ ಅಕ್ಕ. ಹತ್ತು ಸಾವಿರ. ಈಗಷ್ಟೇ ಬಾಯಿಬಿಟ್ಟರು. ಶನಿವಾರವೇ ಊರಿಗೆ ಹೋಗುತ್ತಿದ್ದೇನೆ.