ಮರುಪ್ರಶ್ನೆ ಬಂದ ಕೂಡಲೇ ತಲೆ ಖಾಲಿ, ಇಂಟರ್‌ವ್ಯೂಗೆ ಹೇಗೆ ತಯಾರಾಗಲಿ?

ಮಳೆಹನಿ:
ಎಲ್ಲರಿಗೂ ನಮಸ್ಕಾರ. ನಾನು ಅಕೌಂಟ್ಸ್‌ನಲ್ಲಿ ಮೂರು ವರ್ಷ ಕೆಲಸ ಮಾಡಿದ್ದೇನೆ. ಅಮ್ಮನಿಗೆ ಹುಷಾರಿಲ್ಲ ಅಂತ ಕೆಲಸ ಬಿಟ್ಟು ವರ್ಷದ ಮೇಲಾಯಿತು. ಈಗ ಅವರು ಚೆನ್ನಾಗಿದ್ದಾರೆ, ನಾನು ಮತ್ತೆ ಕೆಲಸ ಹುಡುಕುತ್ತಿದ್ದೇನೆ. ಮುಂದಿನ ವಾರ ಇಂಟರ್‌ವ್ಯೂ ಇದೆ, ಮೂರು ಜನ ಕೂತು ಕೇಳುತ್ತಾರಂತೆ.

"ನಿಮ್ಮ ಬಗ್ಗೆ ಹೇಳಿ" ಅನ್ನುವಂಥ ಮಾಮೂಲಿ ಪ್ರಶ್ನೆಗಳಿಗೆಲ್ಲ ಉತ್ತರ ಬರೆದು ಬಾಯಿಪಾಠ ಮಾಡಿದ್ದೇನೆ. ಅದನ್ನು ಗಡಗಡ ಹೇಳಿಬಿಡುತ್ತೇನೆ. ಆದರೆ ಅದರ ಮೇಲೆ "ಅಂದ್ರೆ ನೀವೇನು ಮಾಡಿದ್ರಿ?" ಅಂತ ಒಂದು ಮರುಪ್ರಶ್ನೆ ಬಂದರೆ ಸಾಕು, ತಲೆ ಪೂರ್ತಿ ಖಾಲಿ. ಇನ್ನೊಂದು, ಈ ಒಂದು ವರ್ಷದ ಗ್ಯಾಪ್ ಬಗ್ಗೆ ಏನು ಹೇಳಲಿ? ರೆಸ್ಯೂಮೆಯಲ್ಲಿ ತಾರೀಖೇ ತೆಗೆದುಬಿಡು ಅಂತ ಗೆಳತಿ ಹೇಳುತ್ತಾಳೆ. "ಧೈರ್ಯವಾಗಿರಿ" ಅನ್ನುವುದು ಬಿಟ್ಟು ಬೇರೆ ಏನಾದರೂ ಹೇಳಿ ಪ್ಲೀಸ್.

ಮೇಜಿನಾಚೆ:
ನಾನು ಪ್ರಶ್ನೆ ಕೇಳುವ ಕಡೆ ಕೂರುವವನು. ಬಾಯಿಪಾಠ ಮಾಡಿದ ಉತ್ತರ ಮೊದಲ ವಾಕ್ಯಕ್ಕೇ ಗೊತ್ತಾಗುತ್ತದೆ, ಅದಕ್ಕೇ ಮರುಪ್ರಶ್ನೆ ಹಾಕುತ್ತೇವೆ. ಸಿಕ್ಕಿಸೋಕೆ ಅಲ್ಲ, ಈ ಕೆಲಸ ನಿಜವಾಗಿ ಮಾಡಿದ್ದಾರಾ ಅಂತ ನೋಡೋಕೆ.

ಹಾಗಾಗಿ ಉತ್ತರಗಳನ್ನು ಬಿಡಿ, ಘಟನೆಗಳನ್ನು ತಯಾರಿ ಮಾಡಿ. ಕೆಲಸದ ಜಾಹೀರಾತು ತೆಗೆದುಕೊಂಡು ಅವರು ಕೇಳಿರುವ ಒಂದೊಂದು ಕೆಲಸಕ್ಕೂ ಗೆರೆ ಎಳೆಯಿರಿ. ಪ್ರತಿ ಗೆರೆಗೂ ನಿಮ್ಮ ಮೂರು ವರ್ಷದಿಂದ ಒಂದು ಘಟನೆ ಹುಡುಕಿ: ತಿಂಗಳ ಕೊನೆಯಲ್ಲಿ ಬ್ಯಾಂಕ್ ಲೆಕ್ಕ ತಾಳೆಯಾಗದೆ ಒದ್ದಾಡಿದ್ದು, ಒಂದೇ ಬಿಲ್ಲಿಗೆ ಎರಡು ಸಲ ದುಡ್ಡು ಹೋಗುವುದನ್ನು ಹಿಡಿದದ್ದು, ಆಡಿಟ್ ಟೈಮಲ್ಲಿ ಸಿಗದ ಕಾಗದ ಹುಡುಕಿ ಕೊಟ್ಟದ್ದು, ಇಂಥವು. ಐದಾರು ಸಿಕ್ಕರೆ ಸಾಕು, ಅವನ್ನೇ ತಿರುಗಿಸಿ ಮುರುಗಿಸಿ ಹೆಚ್ಚಿನ ಪ್ರಶ್ನೆಗಳಿಗೆ ಹೇಳಬಹುದು. ಆಮೇಲೆ ಪ್ರತಿಯೊಂದಕ್ಕೂ ನೀವೇ ಮರುಪ್ರಶ್ನೆ ಹಾಕಿಕೊಳ್ಳಿ. ತಪ್ಪು ಮೊದಲು ಎಲ್ಲಿ ಕಂಡಿತು? ಯಾರಿಗೆ ಹೇಳಿದಿರಿ? ಯಾಕೆ ಹಾಗೇ ಮಾಡಿದಿರಿ, ಬೇರೆ ದಾರಿ ಇರಲಿಲ್ವಾ? ಆಮೇಲೆ ಮತ್ತೆ ಹಾಗಾಯಿತಾ? ಇವಕ್ಕೆ ಉತ್ತರ ಬಾಯಿಪಾಠ ಮಾಡಬೇಕಾಗಿಲ್ಲ, ನೀವೇ ಮಾಡಿದ ಕೆಲಸ ಅಲ್ವಾ.

ಹೇಳುವ ಕ್ರಮಕ್ಕೆ ಸ್ಟಾರ್ (STAR) ಅನ್ನುತ್ತಾರೆ, ನಾಲ್ಕು ಇಂಗ್ಲಿಷ್ ಪದಗಳ ಮೊದಲಕ್ಷರ ಅದು. ಸಂದರ್ಭ, ನಿಮ್ಮ ಹೊಣೆ, ನೀವು ಮಾಡಿದ್ದು, ಕೊನೆಗೆ ಆದದ್ದು. ನನ್ನೆದುರು ಕೂತವರಲ್ಲಿ ಹೆಚ್ಚಿನವರು ಸಂದರ್ಭವನ್ನೇ ಎಳೆದೆಳೆದು "ಆಮೇಲೆ ಸರಿ ಮಾಡಿದ್ವಿ ಸಾರ್" ಅಂತ ಮುಗಿಸಿಬಿಡುತ್ತಾರೆ. ನಮಗೆ ಬೇಕಿರುವುದು ಮೂರನೆಯ ಭಾಗ. ಅರ್ಧ ಸಮಯ ಅದಕ್ಕೇ ಕೊಡಿ. ಮತ್ತೆ, ಆ "ಮಾಡಿದ್ವಿ" ಬೇಡ. ನೀವು ಮಾಡಿದ್ದನ್ನು "ನಾನು ಮಾಡಿದೆ" ಅನ್ನಿ, ಟೀಮಿನವರು ಮಾಡಿದ್ದನ್ನು ಅವರ ಹೆಸರಲ್ಲೇ ಹೇಳಿ.

ಪುಸ್ತಕದಹುಳು:
ಮೂರು ಜನ ಇದ್ದಾರೆ ಅಂದರೆ ಎಲ್ಲ ಅಭ್ಯರ್ಥಿಗಳಿಗೂ ಒಂದೇ ಪ್ರಶ್ನೆಪಟ್ಟಿ, ಪ್ರತಿ ಉತ್ತರಕ್ಕೂ ಅಂಕ ಅನ್ನುವ ಪದ್ಧತಿ ಇರಬಹುದು. ಇದು ಸುಮ್ನೆ ಬಂದದ್ದಲ್ಲ. 1998ರಲ್ಲಿ ಸ್ಮಿತ್ ಮತ್ತು ಹಂಟರ್ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದ್ದರು. ಮುಂದೆ ಕೆಲಸ ಹೇಗೆ ಮಾಡುತ್ತಾರೆ ಅನ್ನುವುದಕ್ಕೂ ಇಂಟರ್‌ವ್ಯೂ ಅಂಕಕ್ಕೂ ಇರುವ ನಂಟು ಇಂಥ ಕಟ್ಟುನಿಟ್ಟಾದ ಇಂಟರ್‌ವ್ಯೂನಲ್ಲಿ 0.51, ಬಾಯಿಗೆ ಬಂದದ್ದು ಕೇಳುವ ಇಂಟರ್‌ವ್ಯೂನಲ್ಲಿ 0.38 ಅಂತ ಬಂತು (0 ಅಂದರೆ ನಂಟೇ ಇಲ್ಲ, 1 ಅಂದರೆ ಪೂರ್ತಿ ನಂಟು). 2022ರಲ್ಲಿ ಸ್ಯಾಕೆಟ್ ಮತ್ತು ಜೊತೆಗಾರರು ಮರುಲೆಕ್ಕ ಹಾಕಿ ಈ ಅಂಕಿಗಳನ್ನು ಇಳಿಸಿದರು, ಆದರೂ ಜನರನ್ನು ಆರಿಸುವ ವಿಧಾನಗಳ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ ನಿಂತದ್ದು ಕಟ್ಟುನಿಟ್ಟಾದ ಇಂಟರ್‌ವ್ಯೂನೇ.

ನಿಮಗೆ ಇದರಿಂದ ಏನು ಅಂದರೆ, ಅವರು ಮುಖ ಎತ್ತದೆ ಬರೆಯುತ್ತಾ ಕೂತಿದ್ದರೆ ಹೆದರಬೇಡಿ. ಅಂಕ ಹಾಕುತ್ತಿರುತ್ತಾರೆ ಅಷ್ಟೇ. ಕೇಳಿದ ಪ್ರಶ್ನೆಗೇ ಉತ್ತರ ಕೊಡಿ, ಬೇರೆ ಕಡೆ ಎಷ್ಟು ಚೆನ್ನಾಗಿ ಮಾತಾಡಿದರೂ ಆ ಸಾಲಿಗೆ ಅಂಕ ಬೀಳುವುದಿಲ್ಲ.

ನೀಲಿಶಾಯಿ:
ತಾರೀಖು ತೆಗೆಯಲೇಬೇಡಿ! ಹಳೆಯ ಕಂಪನಿಗೆ ಒಂದು ಫೋನ್ ಮಾಡಿದರೆ ಗೊತ್ತಾಗುತ್ತದೆ, ಆಮೇಲೆ ಗ್ಯಾಪ್‌ಗಿಂತ ಮುಚ್ಚಿಟ್ಟದ್ದೇ ದೊಡ್ಡ ವಿಷಯ. ನನಗೂ ಮಗುವಾದ ಮೇಲೆ ಗ್ಯಾಪ್ ಇತ್ತು. ಎರಡು ವಾಕ್ಯ ಸಾಕು: "ತಾಯಿಯ ಆರೋಗ್ಯಕ್ಕಾಗಿ ಬಿಟ್ಟಿದ್ದೆ, ಈಗ ಅವರು ಚೆನ್ನಾಗಿದ್ದಾರೆ. ನಾನು ಪೂರ್ತಿ ಸಮಯ ಕೆಲಸಕ್ಕೆ ಸಿದ್ಧ." ಕಾಯಿಲೆಯ ವಿವರ ಬೇಡ, ಕ್ಷಮೆ ಕೇಳುವ ದನಿ ಅಂತೂ ಬೇಡವೇ ಬೇಡ. ತಕ್ಷಣ ಈ ನಡುವೆ ಕಲಿತದ್ದಕ್ಕೆ ಮಾತು ತಿರುಗಿಸಿ. ಏನೂ ಕಲಿತಿಲ್ಲವಾದರೆ ಈ ವಾರ ಅಕೌಂಟಿಂಗ್ ಸಾಫ್ಟ್‌ವೇರ್, ತೆರಿಗೆ ನಿಯಮಗಳಲ್ಲಿ ಏನು ಬದಲಾಗಿದೆ ಅಂತ ಓದಿಕೊಳ್ಳಿ, ಅದನ್ನೇ ಕೇಳುವ ಸಾಧ್ಯತೆ ಜಾಸ್ತಿ.

ಗಟ್ಟಿದನಿ:
ಮೇಜಿನಾಚೆ ಅವರ ಮಾತು ಸರಿ, ಆದರೆ ಬಾಯಿಪಾಠ ಪೂರ್ತಿ ಬಿಡಿ ಅನ್ನುವುದನ್ನು ನಾನು ಒಪ್ಪಲ್ಲ. ಮೊದಲ ಎರಡು ವಾಕ್ಯ ಬಾಯಲ್ಲಿದ್ದರೆ ನಡುಕ ಇಳಿಯುತ್ತದೆ. ಉಳಿದದ್ದನ್ನು ಗಟ್ಟಿಯಾಗಿ ಹೇಳಿ ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿ, ಮನಸ್ಸಲ್ಲೇ ಹೇಳಿಕೊಂಡರೆ ಎಲ್ಲಾ ಚೆನ್ನಾಗಿಯೇ ಕೇಳಿಸುತ್ತದೆ. ತಲೆ ಖಾಲಿಯಾದರೆ "ಸ್ವಲ್ಪ ಯೋಚಿಸಿ ಹೇಳಲಾ?" ಅನ್ನಿ. ಯಾರೂ ಬೇಡ ಅನ್ನಲ್ಲ.

ಮಳೆಹನಿ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಗೆರೆ ಎಳೆಯೋಕೆ ಕೂತಿದ್ದೇನೆ, ನಾಲ್ಕು ಘಟನೆ ಸಿಕ್ಕಿವೆ. ಕೊನೆಯಲ್ಲಿ "ನಿಮಗೇನಾದರೂ ಕೇಳೋದಿದೆಯಾ?" ಅಂದರೆ ಏನು ಕೇಳಲಿ? ಸಂಬಳ ಕೇಳಬಹುದಾ?

ಮೇಜಿನಾಚೆ:
ಸಂಬಳದ ಮಾತು ಅವರೇ ಎತ್ತಲಿ. ಎತ್ತಿದರೆ "ಈ ಹುದ್ದೆಗೆ ಎಷ್ಟರಿಂದ ಎಷ್ಟರವರೆಗೆ ಇಟ್ಟಿದ್ದೀರಿ?" ಅಂತ ಮೊದಲು ಕೇಳಿ. ಆದರೂ ನಿಮ್ಮ ಅಂಕಿ ಒಂದು ಮನಸ್ಸಲ್ಲಿರಲಿ, ಒತ್ತಾಯ ಮಾಡಿದರೆ ತಡವರಿಸಬಾರದು. ಕೊನೆಗೆ ಕೇಳೋಕೆ ನನಗೆ ಇಷ್ಟವಾಗುವ ಪ್ರಶ್ನೆ: "ಈ ಕೆಲಸಕ್ಕೆ ಬಂದವರು ಮೊದಲ ಮೂರು ತಿಂಗಳಲ್ಲಿ ಏನು ಮಾಡಿ ಮುಗಿಸಬೇಕು ಅಂತ ನಿಮ್ಮ ಎಣಿಕೆ?" ಅವರು ಹೇಳುವುದನ್ನು ಬರೆದುಕೊಳ್ಳಿ. ಎರಡನೇ ಸುತ್ತಿಗೆ ಕರೆದರೆ ತಯಾರಿ ಅಲ್ಲಿಂದಲೇ ಶುರು ಮಾಡಬಹುದು.